ಭಾನುವಾರದ ರೋಮ್ ಪಾಠ

ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ನಾನು ಹದಿನೈದು ವರ್ಷ ಪ್ರಾಚೀನ ಇತಿಹಾಸ ಪಾಠ ಮಾಡಿದೆ. ಪಾಠ ಅಂದರೆ ನೋಟ್ಸ್ ಬರೆಸುವುದು. ನನ್ನ ಮೇಷ್ಟ್ರು ನನಗೆ ಬರೆಸಿದ್ದರು, ನಾನು ನನ್ನ ಹುಡುಗರಿಗೆ ಬರೆಸಿದೆ. ರೋಮನ್ ಸಾಮ್ರಾಜ್ಯದ ಪತನಕ್ಕೆ ಏಳು ಕಾರಣಗಳು, ಮೌರ್ಯರ ಆಡಳಿತದ ಐದು ಲಕ್ಷಣಗಳು. ಎಲ್ಲಿ ಕಾಮಾ ಹಾಕಬೇಕು, ಎಲ್ಲಿ ಹೊಸ ಸಾಲು ಹಿಡಿಯಬೇಕು ಅನ್ನುವುದನ್ನೂ ಹೇಳುತ್ತಿದ್ದೆ. ನಾನು ತರಗತಿಗೆ ಕಾಲಿಟ್ಟರೆ ಅರವತ್ತು ಪೆನ್ನುಗಳು ಒಟ್ಟಿಗೆ ಮೇಲೇಳುತ್ತಿದ್ದವು. ಆ ಸದ್ದಿಲ್ಲದ ಗೌರವ ನನಗೆ ಬಹಳ ಇಷ್ಟವಾಗಿತ್ತು, ಸುಳ್ಳು ಯಾಕೆ ಹೇಳಲಿ.

ನ್ಯೂಜಿಲೆಂಡಿಗೆ ಬಂದದ್ದು ತಮ್ಮನ ಹಟದಿಂದ. ಅವನು ಆಕ್ಲೆಂಡಿನ ನ್ಯೂ ಲಿನ್‌ನಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳ ಜೊತೆ ಇದ್ದ. ಎಂಜಿನಿಯರು. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದರು, ನಾನು ಮದುವೆಯಾಗಿರಲಿಲ್ಲ. "ಅಲ್ಲಿ ಒಬ್ಬಳೇ ಕೂತು ಏನ್ ಮಾಡ್ತೀಯಕ್ಕ, ಬಂದ್ಬಿಡು" ಎಂದು ಪ್ರಾಣ ತಿಂದ. ಬಂದೆ. ನಾಲ್ಕು ವರ್ಷ ಅವನ ಮನೆಯಲ್ಲಿದ್ದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರು. ಮಕ್ಕಳಿಗೆ ತಲೆ ಬಾಚಿ, ಊಟ ಮಾಡಿಸಿ, ಸ್ಕೂಲಿಗೆ ಬಿಟ್ಟು ಕರೆತರುವುದು ನನ್ನ ಪಾಲಿಗೆ ಬಂತು. ನಾನು ಕನ್ನಡದಲ್ಲಿ ಕೇಳಿದರೆ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವು. ನಮ್ಮ ಮೂವರಿಗೂ ಅದು ಸರಿಹೋಗಿತ್ತು.

ನನಗೂ ಇಲ್ಲಿನ ಪಾಸ್‌ಪೋರ್ಟ್ ಬಂದ ಮೇಲೆ ಅವರು ಮೆಲ್ಬರ್ನಿಗೆ ಹೊರಟು ನಿಂತರು. ಆ ಪಾಸ್‌ಪೋರ್ಟ್ ಇದ್ದರೆ ಆಸ್ಟ್ರೇಲಿಯಾದಲ್ಲೂ ಕೆಲಸ ಮಾಡಬಹುದು; ಇಲ್ಲಿಗೆ ಬಂದ ನಮ್ಮವರಲ್ಲಿ ಅರ್ಧ ಜನ ಹೀಗೇ ಅಲ್ಲಿಗೆ ಹೋಗುತ್ತಿದ್ದ ಕಾಲ ಅದು. ನನಗೂ ಟಿಕೆಟ್ ತೆಗೆಯುವವನಿದ್ದ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳು ನಾನು. "ನಾನು ಬರಲ್ಲ. ನಾಲ್ಕು ವರ್ಷ ನಿನ್ನ ಮಕ್ಕಳ ಮೂಗು ಒರೆಸಿದ್ದು ಸಾಕು. ಕಾಲೇಜಲ್ಲಿ ಮೇಡಂ ಆಗಿದ್ದೋಳು ಕಣೋ ನಾನು, ಆಯಾ ಅಲ್ಲ" ಅಂದುಬಿಟ್ಟೆ.

ಅವನ ಮುಖ ಸಣ್ಣಗಾಯಿತು. ಅಡುಗೆಮನೆಯಲ್ಲಿ ಪಾತ್ರೆ ಜೋಡಿಸುತ್ತಿದ್ದ ಅವನ ಹೆಂಡತಿಯ ಕೈ ನಿಂತಿತು. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ಅಭ್ಯಾಸ ನನಗಿರಲಿಲ್ಲ. ಅದಕ್ಕೇ ಇನ್ನೊಂದು ಮಾತು ಸೇರಿಸಿದೆ. "ಒಂದು ವರ್ಷ ನೋಡ್ತೀನಿ. ಟೀಚರ್ ಕೆಲಸ ಸಿಕ್ಕಿದ್ರೆ ಇಲ್ಲೇ ಇರ್ತೀನಿ. ಸಿಗದಿದ್ರೆ ಗಂಟುಮೂಟೆ ಕಟ್ಕೊಂಡು ನಿನ್ನ ಮನೆಗೇ ಬರ್ತೀನಿ, ಸರಿನಾ?"

"ಸರಿ ಅಕ್ಕ" ಅಂದ. ಅವರು ಹೋದರು.

ಒಬ್ಬಳಿಗೆ ನ್ಯೂ ಲಿನ್‌ನ ಬಾಡಿಗೆ ಕಟ್ಟಲಾಗಲಿಲ್ಲ. ದಕ್ಷಿಣಕ್ಕೆ, ಪುಕೆಕೊಹೆ ಎಂಬ ಊರಿಗೆ ಹೋದೆ. ಎಲ್ಲಿ ನೋಡಿದರೂ ತರಕಾರಿ ಹೊಲ, ಕೆಂಪು ಮಣ್ಣು. ಒಬ್ಬ ಮುದುಕಿಯ ಮನೆಯ ಹಿತ್ತಲಲ್ಲಿದ್ದ ಒಂಟಿ ಕೋಣೆ ಸಿಕ್ಕಿತು. ಆಕೆ ಒಳ್ಳೆಯವಳೇ, ಆದರೆ ಕಿವಿ ಕೇಳುತ್ತಿರಲಿಲ್ಲ. ನಮ್ಮ ಸಂಭಾಷಣೆ ಎಲ್ಲ ಕೈ ಬೀಸುವುದರಲ್ಲೇ ಮುಗಿಯುತ್ತಿತ್ತು. ಈರುಳ್ಳಿ ಆರಿಸಿ ಚೀಲ ತುಂಬುವ ಪ್ಯಾಕ್‌ಹೌಸಿನಲ್ಲಿ ಕೆಲಸ ಹಿಡಿದೆ. ಬೆಲ್ಟಿನ ಮೇಲೆ ಉರುಳಿ ಬರುವ ಈರುಳ್ಳಿಯಲ್ಲಿ ಕೊಳೆತದ್ದು, ಒಡೆದದ್ದು, ಮೊಳೆತದ್ದು ಆರಿಸಿ ಪಕ್ಕಕ್ಕೆ ಹಾಕಬೇಕು. ಯಂತ್ರದ ಗದ್ದಲಕ್ಕೆ ಎಲ್ಲರೂ ಕಿವಿ ಮುಚ್ಚುವ ಇಯರ್‌ಮಫ್ ಹಾಕಿಕೊಂಡಿರುತ್ತಿದ್ದೆವು. ಎಂಟು ಗಂಟೆ ಹೊತ್ತು ಪಕ್ಕದವಳ ಮುಖ ನೋಡಬಹುದು, ಮಾತಾಡಲಾಗದು. ಸಂಜೆ ಸ್ನಾನ ಮಾಡಿದರೆ ಕೂದಲಿಂದ ಈರುಳ್ಳಿ ಸಿಪ್ಪೆ ಉದುರುತ್ತಿತ್ತು. ಕೆಲವು ವಾರ ನನ್ನ ಬಾಯಿಂದ ಶನಿವಾರದವರೆಗೆ ಒಂದು ಕನ್ನಡ ಮಾತೂ ಬರುತ್ತಿರಲಿಲ್ಲ. ಅದು ಹೊಳೆದ ದಿನ ಹೆದರಿ, ಕನ್ನಡಿ ಮುಂದೆ ನಿಂತು "ಏನಮ್ಮ, ಊಟ ಆಯ್ತಾ?" ಎಂದು ಗಟ್ಟಿಯಾಗಿ ಕೇಳಿಕೊಂಡೆ. ಥೂ, ಹುಚ್ಚು ಹಿಡಿಯಿತಾ ಅನ್ನಿಸಿತು.

ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ತಮ್ಮ ಫೋನ್ ಮಾಡುತ್ತಿದ್ದ. "ಹೇಗಿದೀಯಕ್ಕ?" "ಇದೀನಿ." "ಊಟ?" "ಆಯ್ತು." "ಚಳಿನಾ?" "ಹ್ಞೂ." ಈರುಳ್ಳಿಯ ಬಗ್ಗೆ ಏನು ಹೇಳುವುದು? ಮೂರು ನಿಮಿಷವಾಗುವುದರೊಳಗೆ ಇಡುತ್ತಿದ್ದೆವು.

ಈ ಮಧ್ಯೆ ನನ್ನ ದಾಖಲೆಗಳ ಪರಿಶೀಲನೆ ಮುಗಿದು ಇಲ್ಲಿ ಪಾಠ ಮಾಡುವುದಕ್ಕೆ ಅನುಮತಿ ಬಂತು. ಹತ್ತಾರು ಅರ್ಜಿ ಹಾಕಿದ ಮೇಲೆ ಒಂದು ಹೈಸ್ಕೂಲಿನವರು ಕರೆದರು. ಇಲ್ಲಿಯ ಹೈಸ್ಕೂಲುಗಳಲ್ಲಿ ದೊಡ್ಡ ತರಗತಿಯವರಿಗೆ ಗ್ರೀಸ್, ರೋಮ್ ಓದಲಿಕ್ಕಿರುತ್ತದೆ. ಒಂದು ಪೀರಿಯಡ್ ತೆಗೆದುಕೊಂಡು ತೋರಿಸಬೇಕು. ವಿಷಯ, ರೋಮ್ ಮತ್ತು ಪೂರ್ವದ ನಾಡುಗಳ ವ್ಯಾಪಾರ. ನನಗೆ ಕುಣಿಯುವಷ್ಟು ಖುಷಿಯಾಯಿತು. ಇದು ನನ್ನದೇ ಪಾಠ! ಚಿತ್ರದುರ್ಗದ ಮಗ್ಗುಲಲ್ಲೇ ಚಂದ್ರವಳ್ಳಿ. ಅಲ್ಲಿಯ ಮಣ್ಣಿನಲ್ಲಿ ರೋಮಿನ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಊರಿಂದ ತಂದಿದ್ದ ನೋಟ್ಸ್ ಪುಸ್ತಕ ತೆಗೆದೆ. ಆ ಭಾನುವಾರ ತಮ್ಮನಿಗೆ, "ಈ ಸಲ ಬಿಡಲ್ಲ ನೋಡು" ಎಂದೆ. "ನೀನು ಬಿಡೋಳಾ!" ಅಂದ.

ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು ಹೋದೆ. ತರಗತಿಯಲ್ಲಿ ಹದಿನೆಂಟು ಮಕ್ಕಳು. ಹಿಂದಿನ ಸಾಲಿನಲ್ಲಿ ಆ ವಿಭಾಗದ ಮುಖ್ಯಸ್ಥೆ ಕೂತಿದ್ದಳು. ನಾನು ನಮಸ್ಕಾರ ಹೇಳಿ, ಪುಸ್ತಕ ಬಿಚ್ಚಿ, "ಟೇಕ್ ಡೌನ್" ಅಂದೆ. "ಹೆಡ್ಡಿಂಗ್: ಭಾರತ ಮತ್ತು ರೋಮ್ ವ್ಯಾಪಾರ ಬೆಳೆಯಲು ಕಾರಣಗಳು. ಒಂದು, ಮಾನ್ಸೂನ್ ಗಾಳಿಯ ಅರಿವು, ಫುಲ್ ಸ್ಟಾಪ್. ಎರಡು, ರೋಮಿನಲ್ಲಿ ಮೆಣಸಿಗಿದ್ದ ಬೇಡಿಕೆ, ಫುಲ್ ಸ್ಟಾಪ್." ಯಾರೂ ಬರೆಯುತ್ತಿಲ್ಲ. ಕೆಲವರ ಬಳಿ ಪೆನ್ನೇ ಇಲ್ಲ. ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ. ವೇಗ ಹೆಚ್ಚಾಯಿತೇನೋ ಎಂದು ಎರಡನೆಯ ಅಂಶವನ್ನು ಇನ್ನೊಮ್ಮೆ ನಿಧಾನವಾಗಿ ಓದಿದೆ.

ಮುಂದೆ ಕೂತಿದ್ದ ಕೆಂಪು ಕೂದಲಿನ ಹುಡುಗಿ, ಒಂದು ಕಾಲನ್ನು ಕುರ್ಚಿಯ ಮೇಲೆ ಮಡಿಸಿಕೊಂಡೇ, ಕೈ ಎತ್ತಿ ಕೇಳಿದಳು. "ಗಾಳಿ ತಿರುಗುವವರೆಗೆ ಆ ರೋಮಿನ ವ್ಯಾಪಾರಿಗಳು ತಿಂಗಳುಗಟ್ಟಲೆ ಇಂಡಿಯಾದಲ್ಲೇ ಇರಬೇಕಾಗಿತ್ತಲ್ಲ, ಅವರ ದೇವರ ಗತಿ ಏನು? ಜೊತೆಗೆ ಕರೆದುಕೊಂಡು ಹೋಗುತ್ತಿದ್ದರಾ, ಊರಲ್ಲೇ ಬಿಟ್ಟುಹೋಗುತ್ತಿದ್ದರಾ?"

ನನಗೆ ಮೊದಲು ಕಂಡದ್ದು ಆ ಮಡಿಸಿದ ಕಾಲು. "ಪ್ರಶ್ನೆ ಕೇಳುವಾಗ ಎದ್ದು ನಿಲ್ಲಬೇಕು" ಅಂದೆ.

ಹುಡುಗಿಗೆ ಅರ್ಥವಾಗಲಿಲ್ಲ. ಅತ್ತಿತ್ತ ನೋಡಿ, ನಿಧಾನವಾಗಿ ಎದ್ದು ನಿಂತಳು. ಕತ್ತಿನವರೆಗೂ ಕೆಂಪಾದಳು. ಅದೇ ಪ್ರಶ್ನೆಯನ್ನು ತೊದಲುತ್ತ ಮತ್ತೆ ಕೇಳಿದಳು.

"ಅದು ಸಿಲಬಸ್ಸಿನಲ್ಲಿಲ್ಲ" ಎಂದೆ. "ಕೂತುಕೋ. ಮೂರು, ಹಡಗು ಕಟ್ಟುವ ವಿದ್ಯೆಯ ಬೆಳವಣಿಗೆ, ಫುಲ್ ಸ್ಟಾಪ್."

ನಮ್ಮೂರಿನಲ್ಲಿ ಹದಿನೈದು ವರ್ಷ ಈ ಒಂದು ಮಾತಿಗೆ ಎಲ್ಲ ಪ್ರಶ್ನೆಗಳೂ ಬಾಯಿ ಮುಚ್ಚಿಕೊಂಡಿದ್ದವು. ಇಲ್ಲೂ ಮುಚ್ಚಿಕೊಂಡವು. ಗಂಟೆ ಹೊಡೆಯುವವರೆಗೆ ಯಾರೂ ಕೈ ಎತ್ತಲಿಲ್ಲ. ಶಿಸ್ತಿನ ಮಕ್ಕಳು ಎಂದುಕೊಂಡೆ. ಎಂಥ ಪೆದ್ದಿ ನಾನು!

ವಾಪಸು ಹೋಗುವಾಗ ಬಸ್‌ಸ್ಟಾಪಿನಲ್ಲಿ ಪುಸ್ತಕ ತಿರುವಿದೆ. ಆರನೆಯ ಅಂಶ, ನನ್ನದೇ ದುಂಡು ಅಕ್ಷರದಲ್ಲಿ: ಮಲಬಾರಿನ ಮುಜಿರಿಸ್ ಬಂದರಿನಲ್ಲಿ ರೋಮನ್ ಚಕ್ರವರ್ತಿಯ ಹೆಸರಿನ ದೇಗುಲವಿತ್ತೆಂದು ಹಳೆಯ ನಕ್ಷೆಯೊಂದು ತೋರಿಸುತ್ತದೆ. ಆ ಹುಡುಗಿಗೆ ಬೇಕಾಗಿದ್ದ ಉತ್ತರ ಇದೇ ಆಗಿತ್ತು. ಹದಿನೈದು ವರ್ಷ ಬರೆಸಿದ್ದೇನೆ. ಯಾರು ಕಟ್ಟಿದರು, ಯಾಕೆ ಕಟ್ಟಿದರು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ನನ್ನ ಕೋಣೆಯಲ್ಲಿ ಮೈಕ್ರೋವೇವಿನ ಮೇಲೆ ಬನಶಂಕರಿಯ ಫೋಟೋ ಇಟ್ಟುಕೊಂಡಿದ್ದವಳು ನಾನು.

ಶುಕ್ರವಾರ ಆ ಮುಖ್ಯಸ್ಥೆ ಫೋನ್ ಮಾಡಿದಳು. ಮೆದುವಾಗಿ ಮಾತಾಡಿದಳು, ಅದೇ ಹೆಚ್ಚು ನೋವಾಯಿತು. ನಿಮಗೆ ಬಹಳ ಗೊತ್ತಿದೆ, ಆದರೆ ನಿಮ್ಮನ್ನು ಕೇಳಲು ಮಕ್ಕಳು ಹೆದರುತ್ತಾರೆ, ಕ್ಷಮಿಸಿ ಅಂದಳು. ನಾನು ಥ್ಯಾಂಕ್ಸ್ ಹೇಳಿ ಇಟ್ಟೆ. ಆಮೇಲೆ ಮಂಚದ ಮೇಲೆ ಕೂತು ಅತ್ತೆ. ಬಿಕ್ಕಿ ಬಿಕ್ಕಿ ಅತ್ತೆ, ಕೇಳುವವರಾರೂ ಇರಲಿಲ್ಲವಲ್ಲ.

ಭಾನುವಾರ ಹನ್ನೊಂದಕ್ಕೆ ಫೋನ್ ಬಂತು. "ಏನಾಯ್ತಕ್ಕ?"

ವರ್ಷ ತುಂಬುತ್ತ ಬಂದಿತ್ತು. ಕೊಟ್ಟ ಮಾತಿನ ಪ್ರಕಾರ ನಾನು ಗಂಟುಮೂಟೆ ಕಟ್ಟಬೇಕಿತ್ತು. ಆಯಾ ಅಲ್ಲ ಎಂದು ಎಗರಾಡಿದ ಮನೆಗೇ ತಲೆ ಬಗ್ಗಿಸಿಕೊಂಡು ಹೋಗಬೇಕಿತ್ತು. ಬಾಯಿ ತಾನಾಗಿ ಆಡಿತು.

"ಸಿಕ್ತು ಕಣೋ."

ಆ ಕಡೆ ಅವನು ಕೂಗಿಕೊಂಡ. "ಲೇ, ಅಕ್ಕಂಗೆ ಕೆಲಸ ಸಿಕ್ತಂತೆ ಕಣೇ!" ಹೆಂಡತಿ ಫೋನ್ ಕಿತ್ತುಕೊಂಡು, "ಅಕ್ಕ, ಕಂಗ್ರಾಟ್ಸ್! ಸ್ವೀಟ್ ಯಾವಾಗ?" ಅಂದಳು. ಅವಳ ದನಿಯಲ್ಲಿ ನಿಜವಾದ ಸಂತೋಷವಿತ್ತು. ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಮುಂದಿನ ವಾರ ಅವನು ಕೇಳಿದ. "ಈ ವಾರ ಏನ್ ಪಾಠ ಮಾಡ್ದೆ? ಮಕ್ಕಳು ಹೇಗಿವೆ?" ಏನಾದರೂ ಹೇಳಬೇಕಲ್ಲ. ಹಡಗಿನ ಗಾಳಿಯ ಬಗ್ಗೆ ಹೇಳಿದೆ. ಮಳೆಗಾಳಿಯಲ್ಲಿ ಬಂದ ಹಡಗು, ಎದುರುಗಾಳಿ ಏಳುವವರೆಗೆ ವಾಪಸು ಹೋಗುವಂತಿಲ್ಲ. ಅಲ್ಲಿಯವರೆಗೆ ಭಾಷೆ ಗೊತ್ತಿಲ್ಲದ ಊರಿನಲ್ಲಿ ಅವರು ಏನು ತಿಂದರು, ಯಾರ ಜೊತೆ ಮಾತಾಡಿದರು, ಕಾಯಿಲೆ ಬಿದ್ದರೆ ಯಾರನ್ನು ಕರೆದರು. "ಒಬ್ಬಳು ಕೆಂಪು ಕೂದಲಿನೋಳು ಇದಾಳೆ, ಪ್ರಶ್ನೆ ಕೇಳಿ ಕೇಳಿ ತಲೆ ತಿಂತಾಳೆ" ಎಂದು ಸೇರಿಸಿದೆ.

"ಏನ್ ಕೇಳಿದ್ಲು?"

ದೇವರ ಪ್ರಶ್ನೆ ಹೇಳಿದೆ. ಈ ಸಲ ಉತ್ತರವನ್ನೂ ಹೇಳಿದೆ. ಬರುವಾಗ ದೇವರನ್ನು ತರಲಾಗದೆ, ಬಂದ ಮೇಲೆ ಒಂದು ಗುಡಿ ಕಟ್ಟಿಕೊಂಡವರ ಬಗ್ಗೆ. ಕಾರ್ಲೆಯ ಗುಹೆಯಲ್ಲಿ ಬೌದ್ಧ ಭಿಕ್ಷುಗಳಿಗೆಂದು ಕಂಬ ಕೊರೆಸಿ, ಅದರ ಮೇಲೆ ತಮ್ಮ ಹೆಸರು ಬರೆಸಿದ, ಪಶ್ಚಿಮದ ಕಡೆಯಿಂದ ಬಂದ ಯವನರ ಬಗ್ಗೆ. ಅವನು "ಆಮೇಲೆ?" ಅಂದ. ಗಡಿಯಾರ ನೋಡಿದರೆ ಮುಕ್ಕಾಲು ಗಂಟೆಯಾಗಿತ್ತು.

ಹೀಗೆ ಶುರುವಾದದ್ದು ಹತ್ತಿರಹತ್ತಿರ ಮೂರು ವರ್ಷ ನಡೆಯಿತು. ಶನಿವಾರ ಊರಿನ ಲೈಬ್ರರಿಗೆ ಹೋಗಿ ಸಿಕ್ಕಿದ್ದೆಲ್ಲ ಓದುತ್ತಿದ್ದೆ. ವಾರವೆಲ್ಲ ಬೆಲ್ಟಿನ ಮುಂದೆ ನಿಂತು ಪಾಠ ಕಟ್ಟುತ್ತಿದ್ದೆ. ಕೈ ಈರುಳ್ಳಿ ಆರಿಸುತ್ತಿತ್ತು, ತಲೆಯಲ್ಲಿ ಶಾತವಾಹನರ ಸೀಸದ ನಾಣ್ಯದ ಮೇಲಿನ ಎರಡು ಪಟಸ್ತಂಭದ ಹಡಗು ತೇಲುತ್ತಿತ್ತು. ನನ್ನ ತರಗತಿಗೆ ಹದಿನೆಂಟು ಮಕ್ಕಳನ್ನೂ ಒಬ್ಬೊಬ್ಬರಾಗಿ ಸೇರಿಸಿಕೊಂಡೆ. ನಿದ್ದೆ ಮಾಡುವವನೊಬ್ಬ, ಸದಾ ಬೈಬಲಿನ ಮಾತು ತರುವವಳೊಬ್ಬಳು, ತನ್ನ ಪೂರ್ವಿಕರು ನಕ್ಷತ್ರ ನೋಡಿಕೊಂಡು ಸಾಗರ ದಾಟಿ ಬಂದ ಕಥೆ ಹೇಳುವ ಮಾವೋರಿ ಹುಡುಗನೊಬ್ಬ. ಅವನ ಮಾತಿಗೆ ನಾನೇ ಒಂದು ವಾರ ಓದಬೇಕಾಯಿತು. ಇತಿಹಾಸ ಎಂದರೆ ಮಾರು ದೂರ ಓಡುತ್ತಿದ್ದ ನನ್ನ ತಮ್ಮ, "ಆ ನಿದ್ದೆಬುರುಕ ಪಾಸಾದ್ನಾ ಅಕ್ಕ?" ಎಂದು ಕಾಳಜಿಯಿಂದ ಕೇಳುತ್ತಿದ್ದ. ಪಾಸ್ ಮಾಡಿಸಿದೆ. ಅಷ್ಟು ಒಳ್ಳೆಯ ಮೇಡಂ ನಾನು ನಿಜವಾದ ಕಾಲೇಜಿನಲ್ಲಿ ಯಾವತ್ತೂ ಆಗಿರಲಿಲ್ಲ.

ಫೋನ್ ಇಟ್ಟ ಮೇಲೆ ಕೋಣೆ ಮಾತ್ರ ಇನ್ನೂ ದೊಡ್ಡದಾಗಿ ಕಾಣುತ್ತಿತ್ತು. ಒಂದು ತಟ್ಟೆ, ಒಂದು ಲೋಟ ತೊಳೆದಿಟ್ಟರೆ ಭಾನುವಾರದ ಕೆಲಸ ಮುಗಿಯಿತು. ಆ ಹದಿನೆಂಟು ಮಕ್ಕಳಲ್ಲಿ ಒಬ್ಬರಿಗೂ ನನ್ನ ಹೆಸರು ನೆನಪಿರಲಿಕ್ಕಿಲ್ಲ ಅನ್ನಿಸುತ್ತಿತ್ತು.

ಮೂರನೆಯ ಚಳಿಗಾಲದ ಒಂದು ಭಾನುವಾರ ಅಶೋಕನ ಪಾಠ ಬಂತು. ನಮ್ಮ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲಿರುವ ಶಾಸನ. ವರ್ಷಕ್ಕೊಮ್ಮೆ ಮಕ್ಕಳನ್ನು ಬಸ್ಸಿನಲ್ಲಿ ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಅದರ ಲಿಪಿಕಾರನ ಬಗ್ಗೆ ಅವನಿಗೆ ಹೇಳಿದೆ. "ಪೂರ್ತಿ ಶಾಸನ ಬ್ರಾಹ್ಮೀ ಲಿಪಿನಲ್ಲಿದೆ ಕಣೋ. ಕೊನೇಲಿ ಲಿಪಿಕಾರ ಅಂತ ತನ್ನ ಬಗ್ಗೆ ಬರ್ಕೊಂಡಿದಾನಲ್ಲ, ಆ ಒಂದು ಪದ ಮಾತ್ರ ಖರೋಷ್ಠೀಲಿದೆ. ಬಲದಿಂದ ಎಡಕ್ಕೆ ಬರೆಯೋ ಲಿಪಿ. ಗಾಂಧಾರದ ಕಡೇದು. ಎಲ್ಲಿಯ ಗಾಂಧಾರ, ಎಲ್ಲಿಯ ಮೊಳಕಾಲ್ಮೂರು! ಅಷ್ಟು ದೂರ ಬಂದು, ಚಕ್ರವರ್ತಿ ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಬರೆದು, ಕೊನೇಲಿ ಒಂದೇ ಒಂದು ಪದ ತನ್ನೂರಿನ ಅಕ್ಷರದಲ್ಲಿ ಬರ್ದಿದಾನೆ. ಅಲ್ಲಿ ಅದನ್ನ ಓದೋಕೆ ಬರ್ತಿದ್ದೋನು ಅವನೊಬ್ಬನೇ ಏನೋ. ನಾನು ಇದನ್ನ ನಾಲ್ಕನೇ ಪಾಯಿಂಟ್ ಅಂತ ಬರೆಸಿ ಮುಂದಕ್ಕೆ ಹೋಗ್ತಿದ್ದೆ ನೋಡು."

"ಅದರಲ್ಲಿ ಏನಿದೆ ಅಕ್ಕ? ಚಕ್ರವರ್ತಿ ಏನ್ ಹೇಳಿದಾನೆ?" ಎಂದ.

"ತಂದೆ ತಾಯಿ ಮಾತು ಕೇಳಬೇಕು. ಪ್ರಾಣಿಗಳಲ್ಲಿ ದಯೆ ಇರಬೇಕು. ಗುರುವನ್ನ ಗೌರವಿಸಬೇಕು. ಸತ್ಯ ನುಡಿಯಬೇಕು…"

ಅಲ್ಲಿಗೆ ನಿಂತೆ. ಮುಂದೆ ಹೋಗಲಾಗಲಿಲ್ಲ. ಆ ಬಂಡೆಯ ಮುಂದೆ ನಿಂತು ಎಷ್ಟು ಮಕ್ಕಳಿಗೆ ಈ ಸಾಲು ಓದಿ ಹೇಳಿದ್ದೆನೋ!

"ನಾನು ಟೀಚರ್ ಅಲ್ಲ ಕಣೋ" ಅಂದೆ. "ಆವತ್ತು ಕೆಲಸ ಸಿಗಲಿಲ್ಲ. ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು. ನಾನು ಇವತ್ತಿಗೂ ಈರುಳ್ಳಿ ಆರಿಸ್ತಿದೀನಿ."

"ಗೊತ್ತಕ್ಕ."

"ಏನು ಗೊತ್ತು?"

"ಕೆಲಸ ಸಿಕ್ತು ಅಂದ್ಯಲ್ಲ, ಅದಾದ ಸ್ವಲ್ಪ ದಿನಕ್ಕೇ ಒಂದಿನ ಚಿಕ್ಕವಳಿಗೆ ಜ್ವರ ಜಾಸ್ತಿ ಆಗಿತ್ತು, ಏನ್ ಮಾಡೋದು ಅಂತ ನಿನ್ನ ಕೇಳೋಣ ಅಂದ್ಕೊಂಡೆ. ನಿನ್ನ ಮೊಬೈಲ್ ಆಫ್ ಇತ್ತು. ನೀನು ಹೇಳಿದ್ದ ಸ್ಕೂಲ್‌ಗೇ ಫೋನ್ ಮಾಡ್ದೆ. ಆ ಹೆಸರಿನೋರು ಇಲ್ಲಿಲ್ಲ ಅಂದ್ರು."

ನನ್ನ ಮೈಯೆಲ್ಲ ಉರಿದುಹೋಯಿತು. "ಮೂರು ವರ್ಷ! ಮೂರು ವರ್ಷ ನನ್ನ ಮಂಗ ಮಾಡಿದ್ಯೇನೋ? ಗಂಡ ಹೆಂಡತಿ ಕೂತ್ಕೊಂಡು ನಕ್ಕಿದ್ದೇ ನಕ್ಕಿದ್ದಾ? ನಿದ್ದೆಬುರುಕ ಪಾಸಾದ್ನಾ ಅಂತ ಕೇಳ್ತಿದ್ಯಲ್ಲೋ, ನಾಚಿಕೆ ಆಗ್ಲಿಲ್ವಾ ನಿಂಗೆ?" ಇನ್ನೂ ಏನೇನೋ ಅಂದೆ.

"ಅವಳಿಗೆ ನಾನು ಹೇಳಿಲ್ಲ" ಅಂದ ಕೊನೆಗೆ. "ನೀನು ಮಾತಾಡ್ತಿದ್ದೆ ಅಕ್ಕ. ಅದಕ್ಕೆ ಮುಂಚೆ ಫೋನಲ್ಲಿ ಹೆಣದ ಥರ ಇರ್ತಿದ್ದೆ. ಭಯ ಆಗೋದು ನಂಗೆ. ಅದಕ್ಕೇ ಕೇಳ್ತಿದ್ದೆ."

ನಾನು ಫೋನ್ ಕುಕ್ಕಿದೆ.

ವಾರವೆಲ್ಲ ಕೋಪದಲ್ಲೇ ಕೆಲಸ ಮಾಡಿದೆ. ಗುರುವಾರದ ಹೊತ್ತಿಗೆ ಕೋಪ ಇಳಿಯಿತು. ಅದರ ಕೆಳಗೆ ಬೇರೆ ಏನೋ ಇತ್ತು. ಮೂರು ವರ್ಷ ಒಬ್ಬ ಮನುಷ್ಯ, ಸುಳ್ಳೆಂದು ಗೊತ್ತಿದ್ದೂ, ವಾರವೂ ಕಿವಿಗೊಟ್ಟು ಕೇಳಿದ್ದ. ನನ್ನ ಪಾಲಿಗೆ ಒಬ್ಬ ವಿದ್ಯಾರ್ಥಿ ಇದ್ದದ್ದು ನಿಜವೇ ಆಗಿತ್ತು. ಮೆಲ್ಬರ್ನಿಗೆ ಹೋಗಿಬಿಡೋಣ ಅನ್ನಿಸಿತು. ಆಯಾ ಅಂದರೆ ಆಯಾ, ಯಾರಿಗೇನು? ಶನಿವಾರ ಲೈಬ್ರರಿಗೆ ಹೋಗಲಿಲ್ಲ. ಪೆಟ್ಟಿಗೆ ಕೆಳಗಿಳಿಸಿ ಧೂಳು ಒರೆಸಿದೆ. ಭಾನುವಾರ ಅವನು ಹಳೆಯ ಹಾಗೆ "ಬಂದ್ಬಿಡಕ್ಕ" ಎಂದರೆ ಸಾಕು, ಹ್ಞೂ ಅನ್ನಬೇಕೆಂದು ತೀರ್ಮಾನಿಸಿದೆ.

ಫೋನ್ ಬಂತು.

"ಹೇಗಿದೀಯಕ್ಕ?" ದನಿ ಹುಷಾರಾಗಿತ್ತು, ಒಡೆಯುವ ವಸ್ತು ಹಿಡಿದವನ ಹಾಗೆ.

"ಇದೀನಿ. ಮಕ್ಕಳು?"

"ಚೆನ್ನಾಗಿದಾರೆ. ದೊಡ್ಡವಳು ಈಗ ಎಲ್ಲ ತಾನೇ ಮಾಡ್ಕೊತಾಳೆ. ಇವಳೂ ಅರ್ಧ ದಿನದ ಕೆಲಸ ಹಿಡಿದಿದಾಳಲ್ಲ, ಮೂರಕ್ಕೆಲ್ಲ ಮನೇಲಿರ್ತಾಳೆ. ಏನೂ ತೊಂದರೆ ಇಲ್ಲ."

"ಒಳ್ಳೇದು."

"ಅಕ್ಕ, ಆವತ್ತು ನಿಂಗೆ ಬೇಜಾರಾಯ್ತೇನೋ. ಆಗಿನ ಹಾಗೆ ಬಾ ಬಾ ಅಂತ ಇನ್ನು ಮೇಲೆ ಪೀಡಿಸಲ್ಲ. ನಿನ್ನಿಷ್ಟದ ಹಾಗೆ ನೀನಿರು."

ಅವನು ಕಾದ. ಆ ಕಡೆ ಮಕ್ಕಳು ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದುದು ಕೇಳಿಸುತ್ತಿತ್ತು. ಒಂದು ಮಾತು, ಬರ್ತೀನಿ ಕಣೋ, ಇಷ್ಟೇ ಸಾಕಿತ್ತು.

"ಹ್ಞೂ. ಇಡ್ಲಾ?" ಅಂದೆ.

"ಸರಿ ಅಕ್ಕ."

ಅವನು ಬಾ ಎಂದು ಕರೆದಿದ್ದರೆ ಆ ವಾರವೇ ಹೊರಟುಬಿಡುತ್ತಿದ್ದೆ. ಇದನ್ನು ನಾನು ಅವನಿಗೆ ಇವತ್ತಿನವರೆಗೂ ಹೇಳಿಲ್ಲ.